ಒಕ್ಕಲ ಮಗ ಭೂಮಂತ್ರಿಯಾದದ್ದು: ಸರ್ ಜಾನ್ ಮೆಕೆಂಜಿ

ಬಡತನದಲ್ಲಿ ಕಂಡದ್ದನ್ನು ಅಧಿಕಾರ ಬಂದಾಗಲೂ ಮರೆಯದವರು ಲೋಕದಲ್ಲಿ ವಿರಳ. ನ್ಯೂಜಿಲೆಂಡ್ ದೇಶದ ಭೂಮಂತ್ರಿಯಾಗಿದ್ದ ಸರ್ ಜಾನ್ ಮೆಕೆಂಜಿಯವರು ಅಂತಹ ಒಬ್ಬರು.

ಇವರು 1839ರಲ್ಲಿ ಸ್ಕಾಟ್ಲೆಂಡಿನ ರಾಸ್ ಸೀಮೆಯಲ್ಲಿ ಗೇಣಿ ರೈತರೊಬ್ಬರ ಮಗನಾಗಿ ಜನಿಸಿದರು. ಮನೆಮಾತು ಗೇಲಿಕ್. ಆ ಕಾಲದಲ್ಲಿ ಅಲ್ಲಿನ ಧಣಿಗಳು ಕುರಿ ಸಾಕಣೆಯ ಲಾಭಕ್ಕಾಗಿ ತಲೆತಲಾಂತರದ ಒಕ್ಕಲುಗಳನ್ನು ಎಬ್ಬಿಸುತ್ತಿದ್ದರು. 1845ರಲ್ಲಿ ಗ್ಲೆನ್‌ಕಾಲ್ವಿ ಎಂಬಲ್ಲಿಂದ ಹೊರಹಾಕಲ್ಪಟ್ಟ ಕುಟುಂಬಗಳಿಗೆ ಕ್ರೋಯಿಕ್ ಊರಿನ ಇಗರ್ಜಿಯ ಅಂಗಳವೇ ಆಸರೆಯಾಯಿತು. ಐದು ವರ್ಷದ ಬಾಲಕ ಜಾನ್ ಆ ದೃಶ್ಯವನ್ನು ಕಂಡಿದ್ದನೆಂದೂ, ಅದು ಅವನ ಮನಸ್ಸಿನಲ್ಲಿ ಕೊನೆಯವರೆಗೂ ಉಳಿಯಿತೆಂದೂ ಹೇಳುತ್ತಾರೆ.

1860ರಲ್ಲಿ ವಿವಾಹವಾಗಿ, ಪತ್ನಿಯೊಂದಿಗೆ ಹಡಗೇರಿ ನ್ಯೂಜಿಲೆಂಡಿನ ಒಟಾಗೊ ಪ್ರಾಂತ್ಯಕ್ಕೆ ಬಂದರು. ಮೊದಲು ಪರರ ಕುರಿ ಕಾದರು, ಬಳಿಕ ಸ್ವಂತ ಬೇಸಾಯ ಹೂಡಿದರು. ಊರಿನ ರಸ್ತೆ ಮಂಡಳಿ, ಶಾಲಾ ಸಮಿತಿಗಳ ಲೆಕ್ಕಪತ್ರ ನೋಡಿಕೊಳ್ಳುತ್ತಾ ಜನರ ವಿಶ್ವಾಸ ಗಳಿಸಿದರು. 1871ರಲ್ಲಿ ಪ್ರಾಂತೀಯ ಸಭೆಗೂ, 1881ರಲ್ಲಿ ದೇಶದ ಸಂಸತ್ತಿಗೂ ಆರಿಸಿ ಬಂದರು.

1891ರಿಂದ 1900ರವರೆಗೆ ಭೂಮಂತ್ರಿ. 1892ರ ಕಾಯಿದೆಯಲ್ಲಿ ಸರಕಾರಿ ಭೂಮಿಯನ್ನು ಸಣ್ಣ ರೈತರಿಗೆ 999 ವರ್ಷಗಳ ಗೇಣಿಗೆ ಕೊಡುವ ಏರ್ಪಾಡು ಮಾಡಿದರು. ಗೇಣಿ, ಭೂಮಿಯ ಬೆಲೆಯ ಮೇಲೆ ವರ್ಷಕ್ಕೆ ಶೇಕಡಾ 4. ಒಬ್ಬನೇ ಒಡೆಯನ ಕೈಯಲ್ಲಿದ್ದ ಸುಮಾರು 84,000 ಎಕರೆಯ ಚೆವಿಯಟ್ ಜಮೀನನ್ನು 1893ರಲ್ಲಿ ಸರಕಾರ ಕೊಂಡು ಹಲವು ರೈತರಿಗೆ ಹಂಚಿತು. ದೊಡ್ಡ ಜಮೀನುಗಳನ್ನು ಬೆಲೆ ಕೊಟ್ಟು ಕಡ್ಡಾಯವಾಗಿ ವಶಪಡಿಸಿಕೊಳ್ಳುವ ಅಧಿಕಾರ 1894ರಲ್ಲಿ ಕಾಯಿದೆಯಾಯಿತು.

ಆದರೆ ಈ ಬಾಳಿಗೆ ಇನ್ನೊಂದು ಮಗ್ಗುಲೂ ಇದೆ. ಆ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನರ ಲಕ್ಷಾಂತರ ಎಕರೆ ಭೂಮಿಯನ್ನು ಇವರ ಅಧಿಕಾರದಲ್ಲೇ ಸರಕಾರ ಅಗ್ಗದ ಬೆಲೆಗೆ ಕೊಂಡಿತು. ಒಕ್ಕಲೆಬ್ಬಿಸುವ ಸಂಕಟವನ್ನು ಎಳವೆಯಲ್ಲೇ ಅರಿತವರಿಗೆ ಮಾವೊರಿಗಳ ಸಂಕಟ ಕಾಣದೆ ಹೋಯಿತು. ತನ್ನವರ ಕಣ್ಣೀರು ಬೇಗ ಕಾಣುತ್ತದೆ, ಪರರದ್ದು ಕಾಣಲು ದೇವರ ದಯೆ ಬೇಕು.

ಅನಾರೋಗ್ಯದಿಂದ 1900ರಲ್ಲಿ ಮಂತ್ರಿಪದವಿ ತ್ಯಜಿಸಿದರು. 1901ರಲ್ಲಿ ಬ್ರಿಟಿಷ್ ರಾಜಕುಮಾರರು ಅಲ್ಲಿಗೆ ಬಂದಾಗ, ಇವರ ಊರ ಬಳಿ ನಿಂತ ರೈಲಿನಲ್ಲೇ 'ಸರ್' ಪದವಿ ನೀಡಿ ಗೌರವಿಸಿದರು. ಅದೇ ವರ್ಷ ಆಗಸ್ಟ್ 6ರಂದು ಮೆಕೆಂಜಿಯವರು ದೈವಾಧೀನರಾದರು. ಅವರ ನೆನಪಿಗೆ ಒಟಾಗೊದ ಪಾಮರ್‌ಸ್ಟನ್ ಊರಿನ ಗುಡ್ಡದ ಮೇಲೆ ಕಲ್ಲಿನ ಸ್ಮಾರಕವಿದೆ.

ಉಳುವವನಿಗೆ ನೆಲ ದೊರಕಿಸಿದ ಅವರ ಪುಣ್ಯಕಾರ್ಯವೂ, ಕಾಣದೆ ಉಳಿದ ಅನ್ಯಾಯವೂ ದೇವರ ನಡೆಯಲ್ಲಿ ಕೈಮುಗಿದು ನಿಲ್ಲುವ ಭಕ್ತಾದಿಗಳಿಗೆ ಸಮನಾಗಿ ಪಾಠವಾಗಲಿ.