ಹಾಸಿಗೆಯೇ ಸೇವೆಯ ಸ್ಥಳವಾದಾಗ: ಏಮಿ ಕಾರ್ಮೈಕಲ್ ಅವರ ಕೊನೆಯ 20 ವರ್ಷ

ಎಲ್ಲರೂ ಕೂತ್ಕೊಳ್ಳಿ. ನನಗೂ ಇವತ್ತು ಕುರ್ಚಿ ಹಾಕಿದ್ದಾರೆ, ಕೂತೇ ಮಾತಾಡ್ತೀನಿ. ಕಾಲು ಇನ್ನೂ ಪೂರ್ತಿ ಸರಿಹೋಗಿಲ್ಲ. ನೀವೆಲ್ಲ ನನಗೋಸ್ಕರ ಉಪವಾಸ ಮಾಡಿ ಪ್ರಾರ್ಥಿಸಿದಿರಿ, ಕರ್ತನಿಗೆ ಸ್ತೋತ್ರ.

ಸ್ಕೂಟರ್ ಜಾರಿ ಬಿದ್ದಿದ್ದು ನಿಮಗೆ ಗೊತ್ತು. ಸರ್ಜರಿ ಆಯ್ತು, 16 ದಿನ ಆಸ್ಪತ್ರೆಯಲ್ಲಿದ್ದೆ. ಆದರೆ ಗೊತ್ತಿಲ್ಲದ ಒಂದು ವಿಷಯ ಇವತ್ತು ಹೇಳಬೇಕು. ಮೊದಲ ವಾರ ನಾನು ಪ್ರಾರ್ಥನೆಯನ್ನೇ ಮಾಡಲಿಲ್ಲ. ದೇವರ ಮೇಲೆ ಕೋಪ ಇತ್ತು. ಯೂತ್ ಕ್ಯಾಂಪ್ ಹೋಯ್ತು, ದೀಕ್ಷಾಸ್ನಾನದ ತರಗತಿ ನಿಂತುಹೋಯ್ತು. ನಿನ್ನ ಕೆಲಸಕ್ಕೇ ಹೋಗ್ತಿದ್ನಲ್ಲಪ್ಪಾ, ಯಾಕೆ ಹೀಗೆ ಮಾಡ್ದೆ ಅಂತ ಸೀಲಿಂಗ್ ಫ್ಯಾನ್ ನೋಡ್ತಾ ಮಲಗಿದ್ದೆ. ನೋಡೋಕೆ ಬಂದವರೊಬ್ಬರು, ಒಳಗೊಳಗೆ ಏನಾದರೂ ಪಾಪ ಇದೆಯಾ ಅಂತ ಪರೀಕ್ಷೆ ಮಾಡ್ಕೊಳ್ಳಿ ಪಾಸ್ಟರ್ ಅಂದು ಹೋದರು. ಎದೆಗೆ ಚುಚ್ಚಿತು. ಯಾಕಂದ್ರೆ ಅದೇ ಮಾತನ್ನು ನಾನು ಬೇರೆಯವರಿಗೆ ಹೇಳಿದ್ದೆ.

ಆ ವಾರ ನನ್ನ ಹೆಂಡತಿ ಮನೆಯಿಂದ ಒಂದು ಹಳೇ ಪುಸ್ತಕ ತಂದುಕೊಟ್ಟಳು. ಏಮಿ ಕಾರ್ಮೈಕಲ್ ಅವರ ಜೀವನ ಚರಿತ್ರೆ. ಅದನ್ನ ಮುಂಚೆಯೂ ಓದಿದ್ದೆ. ಮಕ್ಕಳನ್ನು ಕಾಪಾಡಿದ ಭಾಗವನ್ನು ಪ್ರಸಂಗದಲ್ಲಿ ಎಷ್ಟೋ ಸಲ ಬಳಸಿದ್ದೆ. ಆದರೆ ಅವರ ಕೊನೆಯ 20 ವರ್ಷ ನನಗೆ ನೆನಪೇ ಇರಲಿಲ್ಲ. ಆರೋಗ್ಯವಾಗಿದ್ದಾಗ ಆ ಪುಟಗಳನ್ನು ಬೇಗ ಬೇಗ ತಿರುಗಿಸಿಬಿಟ್ಟಿದ್ದೆ. ಈಗ ಬೆಡ್ ಮೇಲೆ ಮಲಗಿ ಓದಿದಾಗ, ಆ ಪುಟಗಳೇ ನನ್ನ ಹತ್ರ ಮಾತಾಡಿದವು.

ಏಮಿ ಅವರು ಹುಟ್ಟಿದ್ದು 1867ರ ಡಿಸೆಂಬರ್ 16ರಂದು, ಐರ್ಲೆಂಡಿನ ಉತ್ತರ ಭಾಗದಲ್ಲಿ, ಸಮುದ್ರದ ದಡದಲ್ಲಿರೋ ಮಿಲ್‌ಐಲ್ ಎಂಬ ಊರಲ್ಲಿ. ಏಳು ಮಕ್ಕಳಲ್ಲಿ ಹಿರಿಯರು. ಚಿಕ್ಕವರಿದ್ದಾಗ ಅವರಿಗೆ ಒಂದೇ ಆಸೆ, ತಮ್ಮ ಕಂದು ಕಣ್ಣು ನೀಲಿ ಆಗಬೇಕು ಅಂತ. ರಾತ್ರಿ ವಿಶ್ವಾಸದಿಂದ ಪ್ರಾರ್ಥನೆ ಮಾಡಿ ಮಲಗಿದರು. ಬೆಳಗ್ಗೆ ಎದ್ದು ಕನ್ನಡಿ ನೋಡಿದರೆ ಅದೇ ಕಂದು ಕಣ್ಣು! ಆ ಪುಟ್ಟ ಹುಡುಗಿ ಅವತ್ತು ಕಲಿತ ಪಾಠ ಏನಂದ್ರೆ, ಬೇಡ ಅನ್ನೋದೂ ದೇವರ ಉತ್ತರವೇ. ಮುಂದೆ ನಮ್ಮ ದೇಶಕ್ಕೆ ಬಂದು ಸೀರೆ ಉಟ್ಟು ಊರೂರು ಸುತ್ತುವಾಗ, ಆ ಕಂದು ಕಣ್ಣುಗಳಿಂದಲೇ ಅವರು ಜನರ ನಡುವೆ ಬೆರೆತು ಹೋಗೋಕೆ ಆಯ್ತು. ಈ ಕಥೆ ನಿಮ್ಮಲ್ಲಿ ತುಂಬ ಜನ ಸಂಡೇ ಸ್ಕೂಲಿನಲ್ಲಿ ಕೇಳಿರ್ತೀರಿ. ಅದನ್ನ ಮನಸ್ಸಲ್ಲಿ ಇಟ್ಕೊಳ್ಳಿ.

1885ರಲ್ಲಿ ತಂದೆ ತೀರಿಹೋದರು. ಬೆಲ್‌ಫಾಸ್ಟ್ ನಗರದ ಮಿಲ್ಲುಗಳಲ್ಲಿ ದುಡಿಯುವ ಬಡ ಹುಡುಗಿಯರ ಮಧ್ಯೆ ಏಮಿ ಸೇವೆ ಶುರು ಮಾಡಿದರು. ಅವರಿಗೆ ಕೂಡಿಬರೋಕೆ 1889ರಲ್ಲಿ ತಗಡಿನ ಒಂದು ಸಭಾಂಗಣ ಎದ್ದಿತು. ಆಮೇಲೆ ಮಿಷನರಿ ಕರೆ ಬಂತು. ಚೀನಾಕ್ಕೆ ಹೋಗೋಕೆ ತಯಾರಾದರು, ಡಾಕ್ಟರ್ ಒಪ್ಪಲಿಲ್ಲ, ಆರೋಗ್ಯ ಸಾಲದು ಅಂದರು. 1893ರಲ್ಲಿ ಜಪಾನಿಗೆ ಹೋದರು, ಅಲ್ಲೂ ಕಾಯಿಲೆ ಬಿದ್ದು ವಾಪಸ್ ಬಂದರು. ನೋಡ್ರಿ, ಇವರೇನೂ ಉಕ್ಕಿನ ದೇಹದ ಹೆಂಗಸಲ್ಲ. ಮೊದಲಿಂದಲೂ ನರಗಳ ನೋವು. ಒಂದು ತಲೆನೋವು ಬಂದರೆ ವಾರಗಟ್ಟಲೆ ಮಲಗಿಸಿಬಿಡೋದು.

ಹಾಗಾದರೆ ಇಂಡಿಯಾಕ್ಕೆ ಹೇಗೆ ಬಂದರು? ಬೆಂಗಳೂರಿನಲ್ಲಿದ್ದ ಒಬ್ಬ ಸ್ನೇಹಿತೆ, ಇಲ್ಲಿನ ಹವಾಮಾನ ಚೆನ್ನಾಗಿದೆ, ನಿನಗೆ ಒಗ್ಗುತ್ತೆ ಅಂತ ಪತ್ರ ಬರೆದರು. ಹೌದು, ನಮ್ಮ ಬೆಂಗಳೂರೇ! 1895ರ ಕೊನೆಯಲ್ಲಿ ಏಮಿ ಇಲ್ಲಿಗೆ ಬಂದರು. ಬಂದಾಗಲೇ ಡೆಂಗ್ಯೂ ಜ್ವರ. ನಮ್ಮ ಊರಿನಲ್ಲಿ ಅವರ ಆರಂಭವೇ ಜ್ವರದ ಹಾಸಿಗೆಯಿಂದ. ಆದರೂ ವಾಪಸ್ ಹೋಗಲಿಲ್ಲ. ಮರುವರ್ಷ ತಮಿಳು ಕಲಿಯೋಕೆ, ಸೇವೆ ಮಾಡೋಕೆ ತಿರುನೆಲ್ವೇಲಿ ಕಡೆಗೆ ಹೋದರು. ಅಲ್ಲಿಂದ ಮುಂದೆ 55 ವರ್ಷ, ಒಂದೇ ಒಂದು ಸಲವೂ ಸ್ವದೇಶಕ್ಕೆ ರಜೆಗೆ ಹೋಗಲಿಲ್ಲ.

1901ರಲ್ಲಿ ಪ್ರೀನಾ ಎಂಬ ಏಳು ವರ್ಷದ ಹುಡುಗಿ ಅವರ ಬಳಿಗೆ ಓಡಿಬಂದಳು. ದೇವದಾಸಿ ಪದ್ಧತಿ ಅಂದ್ರೆ ಏನು ಅಂತ ಕರ್ನಾಟಕದವರಿಗೆ ವಿವರಿಸಬೇಕಾಗಿಲ್ಲ. ಅಂಥ ಬದುಕಿಗೆ ಒಪ್ಪಿಸಲ್ಪಟ್ಟಿದ್ದ ಮಗು ಅದು. ಅಲ್ಲಿಂದ ಏಮಿ ಅವರ ದಾರಿ ತಿರುಗಿತು. ಊರೂರು ಸುತ್ತಿ ಸುವಾರ್ತೆ ಸಾರುತ್ತಿದ್ದವರು ಡೋನಾವೂರಿನಲ್ಲಿ ಮಕ್ಕಳಿಗೆ ಹಾಲು ಕಾಯಿಸ್ತಾ, ಉಗುರು ಕತ್ತರಿಸ್ತಾ ಕೂತರು. 1913ರ ಹೊತ್ತಿಗೆ ಅಲ್ಲಿ 130 ಮಕ್ಕಳಿದ್ದರು. 1918ರಿಂದ ಗಂಡುಮಕ್ಕಳನ್ನೂ ಸೇರಿಸಿಕೊಂಡರು. ಮಕ್ಕಳು ಅವರನ್ನು ಅಮ್ಮ ಅಂತಲೇ ಕರೆದರು.

ಇಲ್ಲಿವರೆಗೆ ನಾನು ಪ್ರಸಂಗಗಳಲ್ಲಿ ಹೇಳ್ತಿದ್ದೆ. ಈಗ ಹೇಳದೇ ಇದ್ದ ಭಾಗಕ್ಕೆ ಬರ್ತೀನಿ.

1931ನೇ ಇಸವಿ. ಅಮ್ಮನಿಗೆ 63 ವರ್ಷ. ಒಂದು ಬೆಳಗ್ಗೆ ಅವರು ಪ್ರಾರ್ಥನೆ ಮಾಡಿದರು: ನಿನ್ನ ಸೇವೆಗೆ ನಾನು ಇನ್ನೂ ಯೋಗ್ಯಳಾಗೋಕೆ ನನಗೆ ಏನು ಬೇಕಾದರೂ ಮಾಡು, ಕರ್ತನೇ ಅಂತ. ಅದೇ ದಿನ ಸಾಯಂಕಾಲ ಹತ್ತಿರದ ಕಳಕ್ಕಾಡು ಊರಲ್ಲಿ ಸೇವೆಗೆ ತಗೊಂಡಿದ್ದ ಒಂದು ಮನೆ ನೋಡೋಕೆ ಹೋದರು. ಮಬ್ಬುಗತ್ತಲು. ಅಲ್ಲಿ ತೋಡಿದ್ದ ಗುಂಡಿ ಕಾಣಲಿಲ್ಲ, ಬಿದ್ದುಬಿಟ್ಟರು. ಕಾಲು ಮುರಿಯಿತು, ಹಿಮ್ಮಡಿಯ ಗಂಟಿಗೂ ಪೆಟ್ಟಾಯ್ತು. ನೆಯ್ಯೂರಿನ ಮಿಷನ್ ಆಸ್ಪತ್ರೆಗೆ ಸೇರಿಸಿದರು. ಸ್ವಲ್ಪ ವಾರಗಳಲ್ಲಿ ಎದ್ದು ಓಡಾಡ್ತಾರೆ ಅಂತ ಎಲ್ಲರೂ ಅಂದುಕೊಂಡರು.

ಏಳಲಿಲ್ಲ. ಕಾಲಿನ ನೋವಿನ ಜೊತೆ ಬೇರೆ ಬೇರೆ ಕಾಯಿಲೆಗಳು ಸೇರಿದವು. ನಿದ್ದೆ ಇಲ್ಲದ ರಾತ್ರಿಗಳು. ಡೋನಾವೂರಿನಲ್ಲಿ ಅವರ ಕೋಣೆಯೇ ಅವರ ಆಸ್ಪತ್ರೆ ವಾರ್ಡ್ ಆಯ್ತು. ಒಂದು ವರ್ಷ ಅಲ್ಲ, ಎರಡು ವರ್ಷ ಅಲ್ಲ, ಹತ್ತಿರ ಹತ್ತಿರ 20 ವರ್ಷ.

ಅವರಿಗೋಸ್ಕರ ಯಾರೂ ಪ್ರಾರ್ಥಿಸಲಿಲ್ವಾ? ಸಭೆಯೇ ಪ್ರಾರ್ಥಿಸಿತು. ಅವರಲ್ಲಿ ವಿಶ್ವಾಸ ಇರಲಿಲ್ವಾ? ದೇವರನ್ನೇ ನಂಬಿ ನೂರಾರು ಮಕ್ಕಳನ್ನು ಸಾಕಿದ ಹೆಂಗಸಿಗೆ ವಿಶ್ವಾಸ ಇರಲಿಲ್ಲ ಅನ್ನೋಕೆ ನಾನ್ಯಾರು? ದೇವರ ಮಕ್ಕಳೇ, ನಾನು ದೈವಿಕ ಸ್ವಸ್ಥತೆಯನ್ನು ನಂಬ್ತೀನಿ. ಇವತ್ತು ಆರಾಧನೆ ಮುಗಿದ ಮೇಲೂ ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸ್ತೀವಿ. ಆದರೆ ವಾಸಿಯಾಗದೇ ಇರೋರನ್ನು ನೋಡಿ, ನಿನ್ನಲ್ಲಿ ಏನೋ ತಪ್ಪಿದೆ ಅನ್ನೋ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ. ಪೌಲನು ಮೂರು ಸಲ ಬೇಡಿಕೊಂಡರೂ ಆ ಮುಳ್ಳು ಹೋಗಲಿಲ್ಲ, ಬದಲಿಗೆ ಕೃಪೆ ಸಿಕ್ಕಿತು. 2 ಕೊರಿಂಥ 12ನೇ ಅಧ್ಯಾಯ ಮನೆಗೆ ಹೋಗಿ ಓದಿ.

ಆ ಕೋಣೆಯಲ್ಲಿ ಅಮ್ಮ ಏನು ಮಾಡಿದರು? ಬರೆದರು. ಹತ್ತಕ್ಕೂ ಹೆಚ್ಚು ಪುಸ್ತಕ ಆ ಹಾಸಿಗೆಯ ವರ್ಷಗಳಲ್ಲೇ ಬಂದವು. ಮಕ್ಕಳಿಗೆ, ಜೊತೆ ಕೆಲಸದವರಿಗೆ ಪುಟ್ಟ ಪುಟ್ಟ ಚೀಟಿ ಬರೆದು ಕಳಿಸಿದರು. ಒಬ್ಬೊಬ್ಬರನ್ನೇ ಕರೆದು ಅವರ ಕಷ್ಟ ಕೇಳಿ, ಹೆಸರು ಹಿಡಿದು ಪ್ರಾರ್ಥಿಸಿದರು. ಸಮಾಧಾನ ಹೇಳಿಸಿಕೊಳ್ಳಬೇಕಾದ ಕೋಣೆಗೆ ಜನ ಸಮಾಧಾನ ಹುಡುಕಿಕೊಂಡು ಬಂದರು. ಅಷ್ಟು ಸುಲಭ ಆಗಿತ್ತು ಅಂದ್ಕೋಬೇಡಿ. ಇನ್ನೊಬ್ಬರಿಗೆ ಭಾರ ಆಗ್ತಿದ್ದೀನಲ್ಲ ಅನ್ನೋ ಸಂಕಟ ಅವರನ್ನೂ ಕಾಡಿತು.

1933ರಲ್ಲಿ ಅವರ 'ರೋಸ್ ಫ್ರಮ್ ಬ್ರೈಯರ್' ಎಂಬ ಪುಸ್ತಕ ಬಂತು. ಮುಳ್ಳುಗಿಡದಿಂದ ಬಂದ ಗುಲಾಬಿ ಅಂತ ಅರ್ಥ. ಕಾಯಿಲೆಯವರಿಗೆ ಬರೆದ ಪತ್ರಗಳು ಅವು. ಅಮ್ಮನಿಗೂ ಓದಿ ಅಂತ ಜನ ಏನೇನೋ ಕಳಿಸ್ತಿದ್ದರು. ಒಳ್ಳೇ ಮಾತುಗಳೇ, ಆದರೆ ಅವು ಒಳಗೆ ಇಳಿಯಲಿಲ್ಲ. ಯಾಕೆ ಅಂತ ಯೋಚಿಸಿದಾಗ ಅವರಿಗೆ ತಿಳೀತು: ಅದೆಲ್ಲ ಆರೋಗ್ಯವಾಗಿರೋರು ರೋಗಿಗಳಿಗೆ ಬರೆದದ್ದು. ಹಾಗಾಗಿ ನೋವು ಇನ್ನೂ ಇರುವಾಗಲೇ, ಒಬ್ಬ ರೋಗಿಯಾಗಿ ರೋಗಿಗಳಿಗೆ ಬರೆದರು. ವಾಸಿಯಾದ ಮೇಲೆ ಸಾಕ್ಷಿ ಹೇಳ್ತೀನಿ ಅಂತ ಕಾಯಲಿಲ್ಲ.

ಇದನ್ನ ಓದಿದಾಗ ಪುಸ್ತಕ ಎದೆಯ ಮೇಲಿಟ್ಟು ಅತ್ತುಬಿಟ್ಟೆ. ನಮ್ಮ ಸಭೆಯ ಒಬ್ಬ ಬ್ರದರ್ ನೆನಪಾದರು. ಮೂರು ವರ್ಷದಿಂದ ಡಯಾಲಿಸಿಸ್. ಒಂದು ಸಲ ಅವರನ್ನು ನೋಡೋಕೆ ಹೋಗಿದ್ದೆ. ಐದು ನಿಮಿಷ ನಿಂತು, ಗಟ್ಟಿಯಾಗಿ ಪ್ರಾರ್ಥಿಸಿ, ವಿಶ್ವಾಸ ಇಡಿ ಬ್ರದರ್, ಪಾಪ ಇದ್ದರೆ ಅರಿಕೆ ಮಾಡಿ ಅಂದು, ವಾಚ್ ನೋಡ್ಕೊಂಡು ಬಂದುಬಿಟ್ಟೆ. ಆರೋಗ್ಯವಾಗಿದ್ದ ನಾನು ರೋಗಿಗೆ ಹೇಳಿದ ಮಾತು.

ನನ್ನ ಹನ್ನೊಂದನೇ ದಿನ ಅದೇ ಬ್ರದರ್ ನನ್ನ ವಾರ್ಡಿಗೆ ಬಂದರು. ಅವತ್ತು ಅವರ ಡಯಾಲಿಸಿಸ್ ಆಗಿತ್ತು, ಕೈಗೆ ಬ್ಯಾಂಡೇಜ್ ಹಾಗೇ ಇತ್ತು. ಬಸ್ಸಲ್ಲಿ ಬಂದಿದ್ದರು. ಪ್ರಸಂಗ ಮಾಡಲಿಲ್ಲ. ಕಾಲಿನ ಕೆಳಗಿದ್ದ ದಿಂಬು ಸರಿ ಮಾಡಿದರು. ರಾತ್ರಿ ಮೂರು ಗಂಟೆಗೆ ಎಚ್ಚರ ಆಗುತ್ತಾ ಪಾಸ್ಟರ್ ಅಂತ ಕೇಳಿದರು. ಹೌದು ಅಂದೆ. ನನಗೂ ಆಗುತ್ತೆ, ಆ ಹೊತ್ತಿಗೆ ನಿಮಗೋಸ್ಕರ ಪ್ರಾರ್ಥಿಸ್ತೀನಿ ಅಂದರು. ನಾನು ಅವರ ಕೈ ಹಿಡಿದು ಕ್ಷಮೆ ಕೇಳಿದೆ. ಅವತ್ತು ರಾತ್ರಿ ಮೂರಕ್ಕೆ ಎಚ್ಚರವಾದಾಗ, ಆ ವಾರದಲ್ಲಿ ಮೊದಲನೇ ಸಲ ಪ್ರಾರ್ಥನೆ ಮಾಡಿದೆ. ಅವರಿಗೋಸ್ಕರ. ಆಮೇಲೆ ಪಕ್ಕದ ಬೆಡ್‌ನಲ್ಲಿ ನರಳ್ತಿದ್ದ ತಾತನಿಗೋಸ್ಕರ.

ದೇವರು ನಮ್ಮನ್ನು ಸಂತೈಸೋದು ನಾವೂ ಬೇರೆಯವರನ್ನು ಸಂತೈಸಲಿ ಅಂತ. 2 ಕೊರಿಂಥ 1ನೇ ಅಧ್ಯಾಯದ ಸತ್ಯ ಅದು. ಯೌವನಸ್ಥರೇ, ನಿಮ್ಮಲ್ಲಿ ಕೆಲವರು ಆಸ್ಪತ್ರೆಗೆ ಓಡಾಡ್ತಿದ್ದೀರಿ, ಕೆಲವರು ಅಪ್ಪ ಅಮ್ಮನ ಬೆಡ್ ಪಕ್ಕ ಕೂತು ಲ್ಯಾಪ್‌ಟಾಪಲ್ಲಿ ಆಫೀಸ್ ಕೆಲಸ ಮಾಡ್ತಿದ್ದೀರಿ. ಔಷಧಿ ತಗೊಳ್ಳಿ, ಡಾಕ್ಟರ್ ಮಾತು ಕೇಳಿ, ಸ್ವಸ್ಥತೆಗೆ ಪ್ರಾರ್ಥಿಸಿ. ಆದರೆ ಡಿಸ್ಚಾರ್ಜ್ ಆದ ಮೇಲೆ ದೇವರು ನನ್ನನ್ನು ಉಪಯೋಗಿಸ್ತಾನೆ ಅಂತ ಕಾಯಬೇಡಿ. ಡ್ರಿಪ್ ಬದಲಿಸೋಕೆ ಬರೋ ನರ್ಸಿನ ಹೆಸರು ಕೇಳಿ. ನೆಲ ಒರೆಸೋ ಅಕ್ಕನಿಗೆ ಥ್ಯಾಂಕ್ಸ್ ಹೇಳಿ. ಅಷ್ಟಕ್ಕೂ ಶಕ್ತಿ ಇಲ್ಲದಿದ್ದರೆ ಸುಮ್ಮನೆ ಮಲಗಿ, ಅದಕ್ಕೂ ತಪ್ಪಿಲ್ಲ. ಆವಾಗ ನಾವು ನಿಮ್ಮನ್ನು ಹೊತ್ಕೊಳ್ತೀವಿ.

1948ರಲ್ಲಿ ಅಮ್ಮ ಕೋಣೆಯೊಳಗೇ ಮತ್ತೆ ಬಿದ್ದರು. 1951ರ ಜನವರಿ 18ರಂದು, 83ನೇ ವಯಸ್ಸಿನಲ್ಲಿ, ಕರ್ತನ ಬಳಿಗೆ ಹೋದರು. ಸಮಾಧಿಗೆ ಕಲ್ಲು ಬೇಡ ಅಂದಿದ್ದರು. ಹಾಗಾಗಿ ಮಕ್ಕಳು ಅಲ್ಲಿ ಹಕ್ಕಿಗಳಿಗೆ ಒಂದು ನೀರಿನ ತೊಟ್ಟಿ ಇಟ್ಟರು. ಅದರ ಮೇಲೆ ಒಂದೇ ಮಾತು ಇದೆ, ಅಮ್ಮೈ.

ಎಲ್ಲರೂ ಕಣ್ಣು ಮುಚ್ಚಿ. ಆಸ್ಪತ್ರೆಯಲ್ಲಿರೋ ಯಾರಾದರೂ ಒಬ್ಬರ ಹೆಸರು ನೆನಪು ಮಾಡ್ಕೊಳ್ಳಿ. ತಂದೆಯೇ, ಅವರನ್ನು ಮುಟ್ಟು, ವಾಸಿಮಾಡು. ವಾಸಿಯಾಗುವ ತನಕ ಆ ಹಾಸಿಗೆಯ ಬಳಿ ನೀನೇ ಇರು. ಈ ವಾರ ನಮ್ಮನ್ನೂ ಅಲ್ಲಿಗೆ ಕಳಿಸು, ವಾಚ್ ನೋಡದೆ ಕೂತ್ಕೊಳ್ಳೋ ತಾಳ್ಮೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.