ಧ್ವನಿಯಲ್ಲೇ ಆಟ ತೋರಿಸಿದ ಜಾನ್ ಅರ್ಲಾಟ್

ನಮ್ಮ ಕಾಲೇಜಿನ ಕ್ರೀಡಾಕೂಟದಲ್ಲಿ ಕಳೆದ ವರ್ಷವೂ ಈ ವರ್ಷವೂ ಮೈಕು ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಹಾಗಾಗಿ ವಿಶ್ವಕಪ್ ಬಂದಾಗ ಗೆಳೆಯರೆಲ್ಲ ಬ್ಯಾಟು, ಬೌಲಿಂಗ್ ಎಂದು ಮಾತನಾಡುತ್ತಿದ್ದರೆ ನನ್ನ ಕಿವಿ ವೀಕ್ಷಕ ವಿವರಣೆಯ ಕಡೆಗೇ ಇರುತ್ತದೆ. ಈಗ ಒಂದು ಚೆಂಡನ್ನು ಹತ್ತಾರು ಕ್ಯಾಮೆರಾಗಳು ನೋಡುತ್ತವೆ, ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸುತ್ತವೆ. ನಮ್ಮ ಅಜ್ಜಂದಿರ ಕಾಲದಲ್ಲಿ ಇದ್ದದ್ದು ಒಂದು ರೇಡಿಯೊ, ಅದರೊಳಗೆ ಒಂದು ಧ್ವನಿ. ಆ ಧ್ವನಿ ಹೇಳಿದಷ್ಟೇ ಆಟ, ಅದು ತೋರಿಸಿದಷ್ಟೇ ಮೈದಾನ. ಈ ಕಲೆಯಲ್ಲಿ ಯಾರು ದೊಡ್ಡವರು ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕ ಹೆಸರು ಇಂಗ್ಲೆಂಡಿನ ಜಾನ್ ಅರ್ಲಾಟ್. ಅವರು ತೀರಿಕೊಂಡಾಗ ನಾವ್ಯಾರೂ ಹುಟ್ಟಿರಲಿಲ್ಲ. ಆದರೂ ಅವರ ಬದುಕು ನಾವೆಲ್ಲ ತಿಳಿಯಬೇಕಾದದ್ದು ಎಂದು ನನಗೆ ಅನ್ನಿಸಿದೆ.

ಅರ್ಲಾಟ್ ಹುಟ್ಟಿದ್ದು 1914ರ ಫೆಬ್ರವರಿ 25ರಂದು, ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತ್ಯದ ಬೇಸಿಂಗ್‌ಸ್ಟೋಕ್ ಎಂಬ ಊರಿನಲ್ಲಿ. ತಂದೆಗೆ ಊರಿನ ಸ್ಮಶಾನದಲ್ಲಿ ಕೆಲಸ. ಸ್ಮಶಾನದ ಬಾಗಿಲಲ್ಲಿದ್ದ ಮನೆಯೇ ಅವರ ಮನೆ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರೊಂದಿಗೆ ಹೊಂದಿಕೆಯಾಗದೆ ಓದು ನಡುವೆಯೇ ನಿಂತಿತು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಅವರು ಹತ್ತಲೇ ಇಲ್ಲ. ಒಂದು ಮಾನಸಿಕ ಆಸ್ಪತ್ರೆಯಲ್ಲಿ ಗುಮಾಸ್ತರಾಗಿ ರೋಗಿಗಳ ಊಟದ ಲೆಕ್ಕ ಬರೆದರು. 1934ರಲ್ಲಿ, 20ನೆಯ ವಯಸ್ಸಿನಲ್ಲಿ, ಸೌತಾಂಪ್ಟನ್ ಪೊಲೀಸ್ ಪಡೆಗೆ ಸೇರಿದರು. 11 ವರ್ಷ ಪೊಲೀಸರಾಗಿದ್ದರು.

ಈ ಪೊಲೀಸರಿಗೆ ಎರಡು ಹುಚ್ಚು. ಒಂದು ಕ್ರಿಕೆಟ್, ಇನ್ನೊಂದು ಕವಿತೆ. ರಜೆ ಸಿಕ್ಕಾಗಲೆಲ್ಲ ಹ್ಯಾಂಪ್‌ಷೈರ್ ತಂಡದ ಹಿಂದೆ ತಿರುಗುತ್ತಿದ್ದರು. 1938ರಲ್ಲಿ ಒಮ್ಮೆ ಆಟಗಾರರು ಕಡಿಮೆ ಬಿದ್ದಾಗ ಅದೇ ತಂಡದ ಬದಲಿ ಕ್ಷೇತ್ರರಕ್ಷಕರಾಗಿ ಮೈದಾನಕ್ಕೂ ಇಳಿದರು. ದೊಡ್ಡ ಮಟ್ಟದ ಕ್ರಿಕೆಟಿನಲ್ಲಿ ಅವರು ಆಡಿದ್ದು ಅಷ್ಟೇ. ರಾತ್ರಿ ಗಸ್ತು ಮುಗಿಸಿ ಬಂದು ಕವಿತೆ ಓದುತ್ತಿದ್ದರು, ತಾವೂ ಬರೆಯುತ್ತಿದ್ದರು. ಅವರ ಕವಿತೆಗಳ ಪುಸ್ತಕ 1944ರಲ್ಲಿ ಅಚ್ಚಾಯಿತು. ಪೊಲೀಸ್ ಕವಿ ಎಂಬ ಹೆಸರು ಬಿಬಿಸಿ ರೇಡಿಯೊದವರ ಕಿವಿಗೂ ಬಿದ್ದು, 1945ರಲ್ಲಿ ಅಲ್ಲಿ ಸಾಹಿತ್ಯ ಕಾರ್ಯಕ್ರಮಗಳ ನಿರ್ಮಾಪಕನ ಕೆಲಸ ಸಿಕ್ಕಿತು. ಭಾರತ ಮತ್ತು ಪೂರ್ವದ ದೇಶಗಳಿಗಾಗಿ ನಡೆಯುತ್ತಿದ್ದ ಪ್ರಸಾರ ವಿಭಾಗ ಅದು. ಅರ್ಲಾಟ್‌ಗಿಂತ ಮೊದಲು ಅದೇ ಕೆಲಸ ನೋಡಿಕೊಂಡಿದ್ದವರು ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಲೇಖಕ ಜಾರ್ಜ್ ಆರ್ವೆಲ್.

ಅವರ ಬದುಕಿಗೆ ತಿರುವು ಕೊಟ್ಟದ್ದು ನಮ್ಮ ದೇಶದ ಕ್ರಿಕೆಟ್ ತಂಡ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರ ಬೇಸಿಗೆಯಲ್ಲಿ, ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಆಗ ದೇಶ ಇನ್ನೂ ವಿಭಜನೆಯಾಗಿರಲಿಲ್ಲ. ನಾಯಕರು ಪಟೌಡಿ ನವಾಬ ಇಫ್ತಿಕಾರ್ ಅಲಿ ಖಾನ್. ತಂಡದಲ್ಲಿ ವಿಜಯ್ ಮರ್ಚೆಂಟ್, ಲಾಲಾ ಅಮರನಾಥ್, ಮುಷ್ತಾಕ್ ಅಲಿ, ವಿನೂ ಮಂಕಡ್, ವಿಜಯ್ ಹಜಾರೆ ಇದ್ದರು. ಮುಂದೆ ಪಾಕಿಸ್ತಾನದ ಮೊದಲ ಟೆಸ್ಟ್ ನಾಯಕರಾದ ಅಬ್ದುಲ್ ಹಫೀಜ್ ಕಾರ್ದಾರ್ ಕೂಡ ಇದೇ ತಂಡದಲ್ಲಿದ್ದರು. ಭಾರತದ ಕೇಳುಗರಿಗೆ ಈ ಆಟದ ಸುದ್ದಿ ತಲುಪಿಸಬೇಕಿತ್ತು. ವಿಭಾಗದಲ್ಲಿ ಕ್ರಿಕೆಟ್ ಬಲ್ಲವರು ಅರ್ಲಾಟ್. ಮೊದಲ ಒಂದೆರಡು ಪಂದ್ಯಗಳ ಮಟ್ಟಿಗೆ ಎಂದು ಕೆಲಸ ಒಪ್ಪಿಸಿದರು. ಅವರ ವಿವರಣೆಯನ್ನು ಭಾರತದಲ್ಲಿ ಕೇಳಿದವರು ಮೆಚ್ಚಿದರು. ಇಡೀ ಪ್ರವಾಸವನ್ನು ಅವರೇ ವಿವರಿಸುವಂತಾಯಿತು. ಇಂಗ್ಲೆಂಡಿನವರು ತಮ್ಮ ಈ ಧ್ವನಿಯನ್ನು ಗುರುತಿಸುವ ಮೊದಲೇ ನಮ್ಮವರು ಗುರುತಿಸಿದ್ದರು ಎಂಬುದು ನನಗೆ ಹೆಮ್ಮೆಯ ಸಂಗತಿ.

ಆ ಕಾಲದ ಬಿಬಿಸಿಯಲ್ಲಿ ಮಾತನಾಡುವವರೆಲ್ಲ ದೊಡ್ಡ ಮನೆತನದ, ದೊಡ್ಡ ಶಾಲೆಗಳ ಇಂಗ್ಲಿಷಿನವರು. ಅರ್ಲಾಟ್‌ರದು ಹ್ಯಾಂಪ್‌ಷೈರಿನ ಹಳ್ಳಿಗಾಡಿನ ಉಚ್ಚಾರ, ಒರಟು ಕಂಠ, ನಿಧಾನದ ಮಾತು. ಧ್ವನಿ ಒರಟು, ಆದರೆ ಬುದ್ಧಿ ಸ್ವಾರಸ್ಯದ್ದು ಎಂದು ಮೇಲಧಿಕಾರಿಯೊಬ್ಬರು ಮುಖಕ್ಕೇ ಹೇಳಿದ್ದರಂತೆ. ಅರ್ಲಾಟ್ ತಮ್ಮ ಉಚ್ಚಾರವನ್ನು ಬದಲಿಸಲು ಹೋಗಲಿಲ್ಲ. ನಮ್ಮಲ್ಲಿ ಬ್ಯಾರಿಯೋ ದಖನಿಯೋ ಮನೆಮಾತಾಗಿರುವ ಎಷ್ಟೋ ಮಂದಿ ವೇದಿಕೆ ಹತ್ತಿದಾಗ ನಾಲಿಗೆ ತಡವರಿಸುತ್ತದೆ ಎಂದು ಹಿಂಜರಿಯುತ್ತೇವೆ. ಅಂಥವರಿಗೆ ಇದು ಧೈರ್ಯ ಕೊಡುವ ವಿಷಯ.

ರೇಡಿಯೊ ವಿವರಣೆ ಎಂದರೆ ಸ್ಕೋರು ಓದುವುದಲ್ಲ. ಕಣ್ಣಿಲ್ಲದವನ ಕೈ ಹಿಡಿದು ಮೈದಾನ ಸುತ್ತಿಸಿದ ಹಾಗೆ ಅದು. ಬೌಲರ್ ಎಷ್ಟು ಹೆಜ್ಜೆ ಓಡಿಬಂದ, ಕ್ಷೇತ್ರರಕ್ಷಕರು ಎಲ್ಲೆಲ್ಲಿ ನಿಂತಿದ್ದಾರೆ, ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ, ಎಲ್ಲವನ್ನೂ ಮಾತಿನಲ್ಲೇ ಕಟ್ಟಬೇಕು. ಅರ್ಲಾಟ್ ಕವಿಯಾಗಿದ್ದರಿಂದ ಒಂದು ಹೋಲಿಕೆಯಲ್ಲಿ ಇಡೀ ಚಿತ್ರ ಮೂಡಿಸುತ್ತಿದ್ದರು. ಹುಲ್ಲಿನ ಮೇಲೆ ಕೂತ ಪಾರಿವಾಳವೂ ಅಂಪೈರರ ನಡಿಗೆಯೂ ಅವರ ಆಟದೊಳಗೆ ಸೇರುತ್ತಿದ್ದವು. ಎಲ್ಲಿ ಸುಮ್ಮನಿರಬೇಕು ಎಂಬುದೂ ಗೊತ್ತಿತ್ತು. 1948ರ ಆಗಸ್ಟ್ 14ರಂದು ಓವಲ್ ಮೈದಾನದಲ್ಲಿ ಆಸ್ಟ್ರೇಲಿಯದ ಡಾನ್ ಬ್ರಾಡ್ಮನ್ ತಮ್ಮ ಕೊನೆಯ ಟೆಸ್ಟ್ ಆಡಲು ಬಂದರು. ಇನ್ನು 4 ರನ್ ಸಿಕ್ಕಿದ್ದರೆ ಅವರ ಸರಾಸರಿ 100 ಆಗುತ್ತಿತ್ತು. ಎರಿಕ್ ಹೋಲಿಸ್ ಹಾಕಿದ ಎರಡನೆಯ ಚೆಂಡಿಗೇ ಸೊನ್ನೆಗೆ ಬೌಲ್ಡ್ ಆದರು. ಸರಾಸರಿ 99.94ಕ್ಕೆ ನಿಂತಿತು. ಆ ಹೊತ್ತಿಗೆ ಮೈಕಿನ ಮುಂದೆ ಇದ್ದವರು ಅರ್ಲಾಟ್. ಅವರು ಕೂಗಾಡಲಿಲ್ಲ. ಇಷ್ಟು ಜನರ ಪ್ರೀತಿಯ ನಡುವೆ ನಿಂತವನಿಗೆ ಚೆಂಡು ಸರಿಯಾಗಿ ಕಂಡೀತೇ ಎಂದು ಮೆಲ್ಲಗೆ ಕೇಳಿಕೊಂಡರು. 1957ರಲ್ಲಿ ಟೆಸ್ಟ್ ಪಂದ್ಯದ ಪ್ರತಿಯೊಂದು ಚೆಂಡನ್ನೂ ರೇಡಿಯೊದಲ್ಲಿ ವಿವರಿಸುವ ಟೆಸ್ಟ್ ಮ್ಯಾಚ್ ಸ್ಪೆಷಲ್ ಕಾರ್ಯಕ್ರಮ ಶುರುವಾದಾಗಿನಿಂದ ನಿವೃತ್ತಿಯವರೆಗೂ ಅವರು ಅದರ ಮುಖ್ಯ ಧ್ವನಿಯಾಗಿದ್ದರು.

ಇಷ್ಟೇ ಆಗಿದ್ದರೆ ಅರ್ಲಾಟ್ ಒಬ್ಬ ಒಳ್ಳೆಯ ಮಾತುಗಾರರಾಗಿ ಉಳಿಯುತ್ತಿದ್ದರು. ನನ್ನ ಮನಸ್ಸಿನಲ್ಲಿ ಅವರು ನಿಂತದ್ದು ಬೇರೆ ಕಾರಣಕ್ಕೆ.

1948-49ರಲ್ಲಿ ಇಂಗ್ಲೆಂಡ್ ತಂಡದ ಜೊತೆ ಅವರು ದಕ್ಷಿಣ ಆಫ್ರಿಕಾಕ್ಕೆ ಹೋದರು. ಅಲ್ಲಿ ಆಗಷ್ಟೇ ವರ್ಣಭೇದದ ಸರ್ಕಾರ ಬಂದಿತ್ತು. ರಸ್ತೆಬದಿಯಲ್ಲಿ ನಡೆಯುತ್ತಿದ್ದ ಕಪ್ಪು ಮನುಷ್ಯನೊಬ್ಬನನ್ನು ಬಿಳಿಯನೊಬ್ಬ ಒದ್ದು ಚರಂಡಿಗೆ ಕೆಡವಿದ್ದನ್ನು ಅವರು ಕಣ್ಣಾರೆ ಕಂಡರು. ಕಪ್ಪು ಜನರ ಕೇರಿಗಳಿಗೂ ಹೋಗಿ ನೋಡಿದರು. ಅಲ್ಲಿನ ಅಧಿಕಾರಿ ಯಾವ ಜನಾಂಗ ಎಂದು ಕೇಳಿದಾಗ ಮನುಷ್ಯ ಜನಾಂಗ ಎಂದು ಉತ್ತರಿಸಿದರಂತೆ. ಮತ್ತೆಂದೂ ಆ ನೆಲಕ್ಕೆ ಕಾಲಿಡಲಿಲ್ಲ. 1950ರಲ್ಲಿ ಬಿಬಿಸಿಯ ಚರ್ಚಾ ಕಾರ್ಯಕ್ರಮವೊಂದರಲ್ಲಿ ಆ ಸರ್ಕಾರವನ್ನು ನಾಜಿಗಳ ಸಾಲಿಗೆ ಸೇರಿಸಿ ಮಾತನಾಡಿದರು. ಅದರ ಫಲವಾಗಿ ಆ ಕಾರ್ಯಕ್ರಮದಿಂದ ಅವರನ್ನು ಕೆಲಕಾಲ ಹೊರಗಿಟ್ಟರು. ಬಿಳಿಯನಿಗೆ ಕರಿಯನ ಮೇಲೆ ಯಾವ ಹಿರಿಮೆಯೂ ಇಲ್ಲವೆಂದು ಪ್ರವಾದಿಯವರು (ಸ) ವಿದಾಯ ಹಜ್ಜಿನಲ್ಲಿ ಸಾರಿದ್ದನ್ನು ಚಿಕ್ಕಂದಿನಿಂದ ಕೇಳಿದವರು ನಾವು. ಕೇಳುವುದು ಸುಲಭ. ಅದಕ್ಕಾಗಿ ಕೆಲಸಕ್ಕೆ ಕುತ್ತು ತಂದುಕೊಳ್ಳುವುದು ಎಷ್ಟು ಕಷ್ಟವೆಂದು ಅರ್ಲಾಟ್‌ರ ಬದುಕು ನನಗೆ ತೋರಿಸಿತು.

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಬೇಸಿಲ್ ಡಿ'ಒಲಿವೇರಾ ಎಂಬ ಯುವಕ ಮುದ್ರಣಾಲಯವೊಂದರಲ್ಲಿ ದುಡಿಯುತ್ತಿದ್ದ. ಬಿಳಿಯರಲ್ಲದವರ ತಂಡದ ನಾಯಕ, ಅಸಾಮಾನ್ಯ ಆಟಗಾರ. ಮೈಬಣ್ಣದ ಕಾರಣಕ್ಕೆ ದೇಶದ ತಂಡದ ಬಾಗಿಲು ಅವನಿಗೆ ಮುಚ್ಚಿತ್ತು. 1958ರಲ್ಲಿ ಅವನು ಹಸಿರು ಶಾಯಿಯಲ್ಲಿ ಅರ್ಲಾಟ್‌ರಿಗೆ ಪತ್ರ ಬರೆದು, ಇಂಗ್ಲೆಂಡಿನಲ್ಲಿ ಆಡಲು ಎಲ್ಲಾದರೂ ಅವಕಾಶವಿದೆಯೇ ಎಂದು ಕೇಳಿದ. ಪರಿಚಯವಿರಲಿಲ್ಲ, ಮುಖ ನೋಡಿರಲಿಲ್ಲ. ರೇಡಿಯೊದಲ್ಲಿ ಆ ಧ್ವನಿ ಕೇಳಿ, ಈ ಮನುಷ್ಯ ಕರುಣೆಯುಳ್ಳವನು ಎಂದು ಅವನಿಗೆ ಅನ್ನಿಸಿತ್ತು. ಒಂದು ಪ್ರಸಾರ ಎಲ್ಲೆಲ್ಲಿಗೆ ತಲುಪುತ್ತದೆ, ಯಾರ ಎದೆಯಲ್ಲಿ ಆಸೆ ಹುಟ್ಟಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅರ್ಲಾಟ್ ಪತ್ರವನ್ನು ಬದಿಗಿಡಲಿಲ್ಲ. ಪತ್ರಕರ್ತ ಜಾನ್ ಕೇ ಅವರ ನೆರವಿನಿಂದ ಎರಡು ವರ್ಷ ಹುಡುಕಿ, 1960ರಲ್ಲಿ ಲ್ಯಾಂಕಾಷೈರಿನ ಮಿಡಲ್ಟನ್ ಎಂಬ ಕ್ಲಬ್ಬಿನಲ್ಲಿ 450 ಪೌಂಡ್ ಸಂಬಳದ ಜಾಗ ಕೊಡಿಸಿದರು. ವಿಮಾನದ ಖರ್ಚಿಗೆ ಕೇಪ್‌ಟೌನ್‌ನ ಜನ ಚಂದಾ ಎತ್ತಿದರು. ಡಿ'ಒಲಿವೇರಾ 1966ರಲ್ಲಿ ಇಂಗ್ಲೆಂಡಿನ ಟೆಸ್ಟ್ ತಂಡಕ್ಕೇ ಆಯ್ಕೆಯಾದರು.

ಮುಂದಿನದು ಕ್ರೀಡಾ ಚರಿತ್ರೆಯ ದೊಡ್ಡ ಅಧ್ಯಾಯ. 1968ರಲ್ಲಿ ಓವಲ್ ಮೈದಾನದಲ್ಲಿ ಆಸ್ಟ್ರೇಲಿಯದ ವಿರುದ್ಧ ಅವರು 158 ರನ್ ಹೊಡೆದರು. ಆದರೂ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಆರಿಸಿದ ತಂಡದಲ್ಲಿ ಅವರ ಹೆಸರು ಇರಲಿಲ್ಲ. ಆಟಗಾರರೊಬ್ಬರು ಗಾಯದಿಂದ ಹಿಂದೆ ಸರಿದ ಮೇಲೆ ಅವರನ್ನು ಸೇರಿಸಿದರು. ಅಂಥ ತಂಡವನ್ನು ಬರಗೊಡುವುದಿಲ್ಲ ಎಂದು ದಕ್ಷಿಣ ಆಫ್ರಿಕಾದ ಪ್ರಧಾನಿ ಫಾರ್ಸ್ಟರ್ ಹಟ ಹಿಡಿದರು. ಪ್ರವಾಸ ರದ್ದಾಯಿತು. ಅಷ್ಟಾದರೂ 1970ರಲ್ಲಿ ಬಿಳಿಯರೇ ತುಂಬಿದ ದಕ್ಷಿಣ ಆಫ್ರಿಕಾ ತಂಡವನ್ನು ಇಂಗ್ಲೆಂಡಿಗೆ ಕರೆಯುವ ಸಿದ್ಧತೆ ನಡೆಯಿತು. ಆಗ ಅರ್ಲಾಟ್ ಗಾರ್ಡಿಯನ್ ಪತ್ರಿಕೆಯಲ್ಲಿ ಬರೆದು, ಆ ಪಂದ್ಯಗಳಿಗೆ ತಾವು ವೀಕ್ಷಕ ವಿವರಣೆ ನೀಡುವುದಿಲ್ಲ ಎಂದು ಎಲ್ಲರಿಗೂ ತಿಳಿಸಿದರು. ಮೈಕು ಅವರ ಅನ್ನದ ದಾರಿ. ಆ ಬೇಸಿಗೆಯ ಅತಿ ದೊಡ್ಡ ಸರಣಿ ಅದಾಗಬೇಕಿತ್ತು. ಇಂಥ ಆಟದ ಬಗ್ಗೆ ಸಂತೋಷದ ಧ್ವನಿಯಲ್ಲಿ ಮಾತನಾಡಿದರೆ ಕೇಳುಗರಿಗೆ ಮೋಸ ಮಾಡಿದಂತೆ ಎಂಬುದು ಅವರ ನಿಲುವಾಗಿತ್ತು. ಜನರ ವಿರೋಧ ಬೆಳೆದು, ಸರ್ಕಾರವೇ ಕೇಳಿಕೊಂಡ ಮೇಲೆ ಮೇ ತಿಂಗಳಲ್ಲಿ ಆ ಸರಣಿಯೂ ರದ್ದಾಯಿತು. ಅದರ ಬದಲು ವೆಸ್ಟ್ ಇಂಡೀಸಿನ ಗ್ಯಾರಿ ಸೋಬರ್ಸ್ ನಾಯಕತ್ವದ ವಿಶ್ವ ತಂಡ ಇಂಗ್ಲೆಂಡಿನ ವಿರುದ್ಧ ಆಡಿತು. ಕಪ್ಪು, ಬಿಳಿ, ಕಂದು ಬಣ್ಣದವರೆಲ್ಲ ಒಂದೇ ಕಡೆ ನಿಂತ ತಂಡ ಅದು.

ಐದು ವರ್ಷಗಳ ನಂತರ, 1975ರ ಜೂನ್ 7ರಿಂದ 21ರವರೆಗೆ, ಪುರುಷರ ಮೊದಲ ಕ್ರಿಕೆಟ್ ವಿಶ್ವಕಪ್ ಇಂಗ್ಲೆಂಡಿನಲ್ಲಿ ನಡೆಯಿತು. 8 ತಂಡಗಳು, ಒಂದು ಇನಿಂಗ್ಸಿಗೆ 60 ಓವರ್. ಭಾರತದ ಪರವಾಗಿ ನಮ್ಮ ಕರ್ನಾಟಕದ ಜಿ.ಆರ್. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಆಡಿದರು. ಶ್ರೀಲಂಕಾ, ಪೂರ್ವ ಆಫ್ರಿಕಾ ತಂಡಗಳಿಗೂ ಜಾಗವಿತ್ತು. ದಕ್ಷಿಣ ಆಫ್ರಿಕಾ ಮಾತ್ರ ಇರಲಿಲ್ಲ. ಲಾರ್ಡ್ಸ್ ಮೈದಾನದ ಫೈನಲ್ ಪಂದ್ಯವನ್ನು ಬಿಬಿಸಿ ಟೆಲಿವಿಷನ್ ತೋರಿಸಿದಾಗ ವಿವರಣೆ ನೀಡಿದವರಲ್ಲಿ ಅರ್ಲಾಟ್ ಒಬ್ಬರು. ಟೆಲಿವಿಷನ್ನಿನಲ್ಲಿ ಕೆಲಸವೇ ಬೇರೆ. ಚಿತ್ರ ಕಣ್ಣ ಮುಂದೆ ಇರುವಾಗ ಅದನ್ನೇ ಮತ್ತೆ ಹೇಳಿದರೆ ನೋಡುವವರಿಗೆ ಬೇಸರ. ಚಿತ್ರ ಹೇಳದ್ದನ್ನು ಮಾತ್ರ ಹೇಳಬೇಕು. ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್ 102 ರನ್ ಗಳಿಸಿದ ಆಟದಲ್ಲಿ ಒಂದು ಹೊಡೆತ ಬಂತು. ಹಳ್ಳಿಯ ದಾರಿಯಲ್ಲಿ ಕೋಲು ಹಿಡಿದು ಅಡ್ಡಾಡುವವನ ನೆನಪು ತರುವ ಒಂದೇ ಮಾತಿನಲ್ಲಿ ಅರ್ಲಾಟ್ ಆ ಹೊಡೆತದ ಸಲೀಸನ್ನು ಹಿಡಿದುಕೊಟ್ಟರು. ಕ್ರಿಕೆಟ್ ಬಲ್ಲ ಹಿರಿಯರು ಆ ಮಾತನ್ನು ಇಂದಿಗೂ ನೆನೆಯುತ್ತಾರೆ. ವೆಸ್ಟ್ ಇಂಡೀಸ್ 17 ರನ್‌ಗಳಿಂದ ಗೆದ್ದು ಕಪ್ ಎತ್ತಿತು.

ಅರ್ಲಾಟ್‌ರ ಸ್ವಂತ ಬದುಕಿನಲ್ಲಿ ದುಃಖ ಕಡಿಮೆ ಇರಲಿಲ್ಲ. ಹಿರಿಯ ಮಗ ರಸ್ತೆ ಅಪಘಾತದಲ್ಲಿ ತೀರಿಕೊಂಡ ಮೇಲೆ ಕೊನೆಯವರೆಗೂ ಅವರು ಕಪ್ಪು ಟೈ ಕಟ್ಟುತ್ತಿದ್ದರು. 1976ರಲ್ಲಿ ಪತ್ನಿಯೂ ತೀರಿಕೊಂಡರು. ಆಟಗಾರರ ಸಂಘದ ಅಧ್ಯಕ್ಷರಾಗಿ ಬಡ ಆಟಗಾರರ ಸಂಬಳಕ್ಕಾಗಿ ದುಡಿದರು. 1980ರ ಸೆಪ್ಟೆಂಬರ್ 2ರಂದು ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯದ ಶತಮಾನೋತ್ಸವ ಟೆಸ್ಟಿನ ಕೊನೆಯ ದಿನ, ತಮ್ಮ ಸರದಿ ಮುಗಿದಾಗ, ಎಂದಿನಂತೆ ಮುಂದಿನವರ ಹೆಸರು ಹೇಳಿ ಮೈಕು ಬಿಟ್ಟುಕೊಟ್ಟರು. ವಿದಾಯದ ಭಾಷಣ ಮಾಡಲಿಲ್ಲ. ಧ್ವನಿವರ್ಧಕದಲ್ಲಿ ಸುದ್ದಿ ಬಿತ್ತರವಾದಾಗ ಪ್ರೇಕ್ಷಕರು ಎದ್ದು ನಿಂತರು, ಮೈದಾನದಲ್ಲಿದ್ದ ಆಟಗಾರರು ಆಟ ನಿಲ್ಲಿಸಿ ಆ ಕೊಠಡಿಯ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಆಮೇಲೆ ಆಲ್ಡರ್ನಿ ಎಂಬ ಪುಟ್ಟ ದ್ವೀಪಕ್ಕೆ ಹೋಗಿ ನೆಲೆಸಿದರು.

ಗೆಳೆಯರೇ, ಕೈಗೆ ಮೈಕು ಸಿಕ್ಕರೆ ಅದು ನಮ್ಮ ಸ್ವತ್ತು ಎಂದು ತಿಳಿಯುತ್ತೇವೆ. ಅರ್ಲಾಟ್‌ರನ್ನು ಓದಿದ ಮೇಲೆ ಅದು ಕೇಳುಗರು ನಂಬಿ ಕೊಟ್ಟ ಅಮಾನತ್ ಎಂದು ನನಗೆ ಅನ್ನಿಸುತ್ತದೆ. ಕಂಡದ್ದನ್ನು ಕಂಡಂತೆ ಹೇಳಬೇಕು, ಹೇಳಬಾರದ ಕಡೆ ಎದ್ದು ಬರುವ ಧೈರ್ಯವೂ ಇರಬೇಕು.

ವರ್ಣಭೇದದ ಕಾನೂನುಗಳು ಕುಸಿಯತೊಡಗಿದ ಮೇಲೆ ದಕ್ಷಿಣ ಆಫ್ರಿಕಾ ಅಂತರರಾಷ್ಟ್ರೀಯ ಕ್ರಿಕೆಟಿಗೆ ಮರಳಿ ಬಂದದ್ದು ನಮ್ಮ ದೇಶದಲ್ಲೇ. 1991ರ ನವೆಂಬರ್ 10ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೊಹಮ್ಮದ್ ಅಜರುದ್ದೀನ್ ನಾಯಕತ್ವದ ಭಾರತ ತಂಡದ ವಿರುದ್ಧ ಅವರು ಆಡಿದರು. ಅದಾಗಿ 34 ದಿನಕ್ಕೆ, ಡಿಸೆಂಬರ್ 14ರಂದು, ಆಲ್ಡರ್ನಿಯ ಮನೆಯಲ್ಲಿ ಜಾನ್ ಅರ್ಲಾಟ್ ಕಣ್ಣು ಮುಚ್ಚಿದರು. ಅವರಿಗೆ 77 ವರ್ಷವಾಗಿತ್ತು.