ಬಾಗಿಲು ಮುಚ್ಚಿಸಿಕೊಂಡವರಿಗೆ ಒಂದು ಮನೆ

ಏಪ್ರಿಲ್ 30ರಂದು ಧರ್ಮಸಭೆಯು ಸಂತ ಜೋಸೆಫ್ ಬೆನೆಡಿಕ್ಟ್ ಕೊತ್ತೊಲೆಂಗೊ ಅವರನ್ನು ಸ್ಮರಿಸುತ್ತದೆ. ಇಟಲಿಯ ಬ್ರಾ ಎಂಬ ಊರಿನಲ್ಲಿ 1786ರಲ್ಲಿ, ಹನ್ನೆರಡು ಮಕ್ಕಳಲ್ಲಿ ಹಿರಿಯರಾಗಿ ಜನಿಸಿದ ಇವರು 1811ರಲ್ಲಿ ಗುರುದೀಕ್ಷೆ ಪಡೆದರು. ಮುಂದೆ ದೈವಶಾಸ್ತ್ರದಲ್ಲಿ ಉನ್ನತ ಪದವಿ ಗಳಿಸಿ, ಟ್ಯೂರಿನ್ ನಗರದ ದೇವಾಲಯವೊಂದರಲ್ಲಿ ಗೌರವದ ಸ್ಥಾನದಲ್ಲಿದ್ದರು. ಆದರೂ ಅವರ ಅಂತರಂಗಕ್ಕೆ ನೆಮ್ಮದಿಯಿರಲಿಲ್ಲ.

1827ರ ಸೆಪ್ಟೆಂಬರ್ 2ರಂದು, ಪ್ರಯಾಣದಲ್ಲಿದ್ದ ಫ್ರೆಂಚ್ ಕುಟುಂಬದ ತಾಯಿಯೊಬ್ಬಳು ಆ ನಗರದಲ್ಲಿ ಅಸ್ವಸ್ಥಳಾದಳು. ಗರ್ಭಿಣಿಯೆಂದು ಸಾಮಾನ್ಯ ಆಸ್ಪತ್ರೆಯೂ, ಜ್ವರಪೀಡಿತಳೆಂದು ಹೆರಿಗೆ ಆಸ್ಪತ್ರೆಯೂ ಆಕೆಯನ್ನು ಸೇರಿಸಿಕೊಳ್ಳಲಿಲ್ಲ. ಅಂತಿಮ ಸಂಸ್ಕಾರ ನೀಡಲು ಬಂದ ಕೊತ್ತೊಲೆಂಗೊ ಅವರ ಕಣ್ಣೆದುರೇ, ಪತಿ ಮತ್ತು ಮಕ್ಕಳ ಗೋಳಿನ ನಡುವೆ, ಆಕೆ ಪ್ರಾಣ ಬಿಟ್ಟಳು. ಅಲ್ಲಿ ನಿಯಮಗಳಿದ್ದವು, ಆಸ್ಪತ್ರೆಗಳಿದ್ದವು. ಆಕೆಗೆ ಮಾತ್ರ ಸ್ಥಳವಿರಲಿಲ್ಲ.

1828ರ ಜನವರಿಯಲ್ಲಿ ಅವರು ಕೆಲವೇ ಹಾಸಿಗೆಗಳ ಆಶ್ರಯವೊಂದನ್ನು ತೆರೆದರು. 1831ರಲ್ಲಿ ಕಾಲರಾ ಭೀತಿಯಿಂದ ಅದು ಮುಚ್ಚಲ್ಪಟ್ಟಿತು. ಅವರು ಎದೆಗುಂದಲಿಲ್ಲ. 1832ರ ಏಪ್ರಿಲ್ 27ರಂದು, ಕಾಲಿನ ರೋಗದಿಂದ ನರಳುತ್ತಿದ್ದ ಯುವಕನೊಬ್ಬನನ್ನು ಕತ್ತೆಗಾಡಿಯಲ್ಲಿ ಕರೆತಂದು, ನಗರದ ಅಂಚಿನ ವಾಲ್ಡೊಕ್ಕೊದಲ್ಲಿ ದೈವೀ ಪರಿಪಾಲನೆಯ ಕಿರುಮನೆಯನ್ನು ಆರಂಭಿಸಿದರು. ಕಿವುಡರು, ಮೂರ್ಛೆರೋಗಿಗಳು, ಅಂಗವಿಕಲರು, ಬುದ್ಧಿ ಬೆಳೆಯದವರು, ಅನಾಥರು ಒಬ್ಬೊಬ್ಬರಾಗಿ ಅಲ್ಲಿಗೆ ಬಂದರು. ಈ ಗುಂಪುಗಳನ್ನು ಅವರು ಕುಟುಂಬಗಳೆಂದೇ ಕರೆದರು. ಅವರ ಸೇವೆಗಾಗಿ ಕನ್ಯಾಸ್ತ್ರೀಯರ, ಸಹೋದರರ ಹಾಗೂ ಗುರುಗಳ ಸಭೆಗಳನ್ನು ಕಟ್ಟಿದರು. ನಾಳೆಗೆಂದು ಹಣ ಕೂಡಿಡದೆ, ಪ್ರಾರ್ಥನೆಯನ್ನೇ ಆ ಮನೆಯ ಮೊದಲ ಕಾಯಕವನ್ನಾಗಿಸಿದರು.

1842ರಲ್ಲಿ ವಿಷಮಜ್ವರದಿಂದ ಅವರು ತೀರಿಕೊಂಡರು. 1934ರಲ್ಲಿ ಪೋಪ್ ಹನ್ನೊಂದನೇ ಪಯಸ್ ಅವರನ್ನು ಸಂತರೆಂದು ಘೋಷಿಸಿದರು. ಟ್ಯೂರಿನ್‌ನ ಆ ಮನೆ ಇಂದಿಗೂ ಇದೆ.

ಮನುಷ್ಯನ ಬೆಲೆ ಅವನ ಸಾಮರ್ಥ್ಯದಲ್ಲಿಲ್ಲ, ಅವನ ಇರುವಿಕೆಯಲ್ಲಿಯೇ ಇದೆ ಎಂಬ ತತ್ತ್ವವನ್ನು ನಾವು ಪುಸ್ತಕಗಳಲ್ಲಿ ಓದುತ್ತೇವೆ. ಈ ಗುರುಗಳು ಅದಕ್ಕೆ ಮನೆ ಕಟ್ಟಿಕೊಟ್ಟರು. ನಮ್ಮ ಧರ್ಮಕೇಂದ್ರಗಳಲ್ಲಿಯೂ, ಹಾಸಿಗೆ ಹಿಡಿದ ಮಗನನ್ನು ನೋಡಿಕೊಳ್ಳುವ ತಾಯಂದಿರು ವರ್ಷಗಟ್ಟಲೆ ಭಾನುವಾರದ ಬಲಿಪೂಜೆಗೆ ಬಾರದಿರುತ್ತಾರೆ. ಬರಲು ಮನಸ್ಸಿಲ್ಲದೆ ಅಲ್ಲ, ಮಗನ ಬಳಿ ಕೂರುವವರಿಲ್ಲದೆ. ಅವರ ಮನೆಗೆ ಪರಮಪ್ರಸಾದವನ್ನು ಒಯ್ಯುವುದು ಗುರುಗಳ ಕರ್ತವ್ಯ. ಒಂದು ಗಂಟೆಯ ಕಾಲ ಆ ಹಾಸಿಗೆಯ ಬಳಿ ಕುಳಿತು, ತಾಯಿಯನ್ನು ದೇವಾಲಯಕ್ಕೆ ಕಳುಹಿಸುವುದು ನೆರೆಮನೆಯವರ ಕರ್ತವ್ಯ. ಕೊತ್ತೊಲೆಂಗೊ ಅವರ ಮನೆಯೂ ಕೆಲವೇ ಹಾಸಿಗೆಗಳಿಂದ ಆರಂಭವಾಯಿತೆಂಬುದನ್ನು ಮರೆಯದಿರೋಣ.